ರೋವರ್ ಬಂದರೂ ಟಿಪ್ಪಣಿ ಬೇಕು

ಹೊಲದ ಬದುವಿನ ಮೇಲೆ ನಿಂತು ಮೊಬೈಲಿನಲ್ಲಿ ದಿಶಾಂಕ್ ಆ್ಯಪ್ ತೆರೆದರೆ ಸಾಕು, ನಿಂತ ಜಾಗದ ಸರ್ವೆ ನಂಬರ್ ಬರುತ್ತದೆ. ನಂಬರಿನ ಸುತ್ತ ಗಡಿಯ ಗೆರೆಯೂ ಕಾಣುತ್ತದೆ. ಆ ಗೆರೆ ಪಕ್ಕದವರ ಕೊಳವೆಬಾವಿಯನ್ನು ಒಳಗೆ ಹಾಕಿಕೊಂಡು ಹೋಗಿದ್ದರೆ ತಕರಾರು ಅಲ್ಲಿಂದಲೇ ಶುರು. ‘ಸರ್ಕಾರದ ಆ್ಯಪೇ ತೋರಿಸ್ತಾ ಇದೆಯಲ್ಲ’ ಎಂದು ಒಬ್ಬರು, ‘ನಮ್ಮಜ್ಜನ ಕಾಲದಿಂದ ಬದು ಇಲ್ಲೇ ಇದೆ’ ಎಂದು ಇನ್ನೊಬ್ಬರು. ಇಬ್ಬರೂ ಸುಳ್ಳು ಹೇಳುತ್ತಿಲ್ಲ. ಆದರೆ ಗಡಿಯನ್ನು ತೀರ್ಮಾನಿಸುವುದು ಆ ಗೆರೆಯೂ ಅಲ್ಲ, ಆ ಬದುವೂ ಅಲ್ಲ. ತಾಲ್ಲೂಕಿನ ಸರ್ವೆ ದಾಖಲೆ ಕೋಣೆಯಲ್ಲಿರುವ ಒಂದು ಹಳೆಯ ಹಾಳೆ ಅದನ್ನು ತೀರ್ಮಾನಿಸುತ್ತದೆ. ಅದನ್ನು ಟಿಪ್ಪಣಿ ಅನ್ನುತ್ತಾರೆ. ನಮ್ಮ ರೈತರಲ್ಲಿ ಪಹಣಿ ನೋಡದವರಿಲ್ಲ. ಟಿಪ್ಪಣಿ ನೋಡಿದವರು ತೀರ ಕಡಿಮೆ. ಜಮೀನಿನ ಜಗಳಗಳು ಬೆಳೆಯುವುದಕ್ಕೆ ಇದೂ ಒಂದು ದೊಡ್ಡ ಕಾರಣ ಎಂದು ನಾನು ನಂಬಿದ್ದೇನೆ.

ಮೊದಲು ಆ್ಯಪಿನ ಗೆರೆಯ ವಿಚಾರ ಮುಗಿಸಿಬಿಡೋಣ. ಕರ್ನಾಟಕ ರಾಜ್ಯ ದೂರಸಂವೇದಿ ಅನ್ವಯಿಕ ಕೇಂದ್ರ ರೂಪಿಸಿದ ದಿಶಾಂಕ್, ಹಳೆಯ ಗ್ರಾಮ ನಕ್ಷೆಗಳನ್ನು ಸ್ಕ್ಯಾನ್ ಮಾಡಿ ಉಪಗ್ರಹ ಚಿತ್ರದ ಮೇಲೆ ಕೂರಿಸಿ ತೋರಿಸುತ್ತದೆ. ಆ ಗ್ರಾಮ ನಕ್ಷೆಗಳ ಸ್ಕೇಲು ಸಾಮಾನ್ಯವಾಗಿ ಮೈಲಿಗೆ ಎಂಟು ಇಂಚು, ಅಂದರೆ 1:7920. ಇಂಥ ನಕ್ಷೆಯಲ್ಲಿ ಅರ್ಧ ಮಿಲಿಮೀಟರ್ ದಪ್ಪದ ಶಾಯಿಗೆರೆ ನೆಲದ ಮೇಲೆ ಸುಮಾರು ನಾಲ್ಕು ಮೀಟರ್ ಅಗಲ ಆಗುತ್ತದೆ. ಅದರ ಮೇಲೆ ಬಟ್ಟೆ, ಕಾಗದ ಹಿಗ್ಗಿ ಕುಗ್ಗಿದ ತಪ್ಪು, ಕೂರಿಸುವಾಗಿನ ತಪ್ಪು, ಮೊಬೈಲಿನ ಜಿಪಿಎಸ್‌ನ ಮೂರರಿಂದ ಐದು ಮೀಟರ್ ಅನುಮಾನ. ಎಲ್ಲ ಸೇರಿದರೆ ಕೊಳವೆಬಾವಿ ಆಚೆ ಈಚೆ ಆಗುವುದು ದೊಡ್ಡ ಮಾತಲ್ಲ. ಯಾವ ಸರ್ವೆ ನಂಬರಿನಲ್ಲಿದ್ದೇವೆ, ಪಕ್ಕದಲ್ಲಿ ಸರ್ಕಾರಿ ಜಾಗವಿದೆಯೇ, ಹಳ್ಳ ಎಲ್ಲಿ ಹಾದಿದೆ ಎಂದು ತಿಳಿಯಲು ಆ್ಯಪ್ ಬಹಳ ಉಪಯುಕ್ತ. ಬೇಲಿ ಹಾಕಲು ಅದನ್ನು ನಂಬಬಾರದು.

ಇನ್ನು ಟಿಪ್ಪಣಿ. ಮುಂಬೈ ಪ್ರಾಂತ್ಯದಲ್ಲಿ ವಿಂಗೇಟ್ ಮತ್ತು ಗೋಲ್ಡ್‌ಸ್ಮಿಡ್ ರೂಪಿಸಿದ ಕಂದಾಯ ಸರ್ವೆಯ ಪದ್ಧತಿಯನ್ನೇ ಮೈಸೂರು ಸಂಸ್ಥಾನವೂ ಹಿಡಿಯಿತು. ಇಲ್ಲಿ ಅದು 1863ರಲ್ಲಿ ಚಿತ್ರದುರ್ಗದ ಕಡೆಯಿಂದ ಶುರುವಾಯಿತು. ಅಳತೆಗೆ ಬಳಸಿದ್ದು 33 ಅಡಿಯ ಸರಪಳಿ. ಅದನ್ನು 16 ಆಣೆಗಳಾಗಿ ಭಾಗ ಮಾಡಿದ್ದರು. ಒಂದು ಆಣೆ ಎಂದರೆ ಎರಡು ಅಡಿಗಿಂತ ಕೂದಲೆಳೆ ಹೆಚ್ಚು. ಈ ಉದ್ದವನ್ನೇ ಆರಿಸಿಕೊಂಡದ್ದರಲ್ಲಿ ಒಂದು ಜಾಣತನವಿದೆ. 33 ಅಡಿ ಉದ್ದ, 33 ಅಡಿ ಅಗಲ ಇದ್ದರೆ 1089 ಚದರ ಅಡಿ, ಅದೇ ಒಂದು ಗುಂಟೆ. ನಲವತ್ತು ಗುಂಟೆಗೆ ಒಂದು ಎಕರೆ, 43,560 ಚದರ ಅಡಿ. ಹಾಗಾಗಿ ಚೈನಿನಲ್ಲಿ ಅಳೆದ ಎರಡು ಅಂಕಿಗಳನ್ನು ಗುಣಿಸಿದರೆ ಉತ್ತರ ನೇರವಾಗಿ ಗುಂಟೆಯಲ್ಲೇ ಬರುತ್ತದೆ. ಮರದ ನೆರಳಲ್ಲಿ ಕೂತು ಬಾಯಿಲೆಕ್ಕದಲ್ಲೇ ಮುಗಿಸಬಹುದಾದ ಗಣಿತ ಅದು. ದಕ್ಷಿಣ ಕನ್ನಡ, ಉಡುಪಿಯವರು ಮದ್ರಾಸ್ ಪ್ರಾಂತ್ಯದ ರೂಢಿಯಂತೆ ಸೆಂಟ್ಸ್‌ನಲ್ಲಿ ಮಾತಾಡುತ್ತಾರೆ. ನೂರು ಸೆಂಟ್ಸ್‌ಗೆ ಒಂದು ಎಕರೆ, ಎರಡೂವರೆ ಸೆಂಟ್ಸ್‌ಗೆ ಒಂದು ಗುಂಟೆ.

ಟಿಪ್ಪಣಿಯ ಹಾಳೆಯಲ್ಲಿ ಏನಿರುತ್ತದೆ? ಒಂದು ನಾಲ್ಕು ಮೂಲೆಯ ಹೊಲ ಇದೆ ಎಂದಿಟ್ಟುಕೊಳ್ಳಿ. ಎದುರುಬದುರಿನ ಎರಡು ಮೂಲೆಗಳ ನಡುವೆ ನೇರ ಗೆರೆ ಎಳೆಯುತ್ತಾರೆ. ಅದು ಬೇಸ್‌ಲೈನ್, ಹೊಲದ ಬೆನ್ನುಮೂಳೆ. ಅದರ ಉದ್ದ 12 ಚೈನು. ಈ ಗೆರೆಯ ಮೇಲೆ ಐದನೆಯ ಚೈನಿನ ಹತ್ತಿರ ನಿಂತು ಎಡಕ್ಕೆ ಲಂಬವಾಗಿ ಅಳೆದರೆ ಮೂರನೆಯ ಮೂಲೆಗೆ 4 ಚೈನು. ಎಂಟನೆಯ ಚೈನಿನ ಹತ್ತಿರ ಬಲಕ್ಕೆ ಅಳೆದರೆ ನಾಲ್ಕನೆಯ ಮೂಲೆಗೆ 6 ಚೈನು. ಈ ಲಂಬ ಅಳತೆಗಳೇ ಆಫ್‌ಸೆಟ್. ಲಂಬ ಸರಿಯಾಗಿ ಬರಲು ಕ್ರಾಸ್ ಸ್ಟಾಫ್ ಎಂಬ ಸಣ್ಣ ಉಪಕರಣವನ್ನು ಕೋಲಿಗೆ ಸಿಕ್ಕಿಸಿ ಅದರ ಸೀಳುಗಳಲ್ಲಿ ನೋಡುತ್ತಿದ್ದರು. ಈಗ ಲೆಕ್ಕ: ನಾಲ್ಕು ಮತ್ತು ಆರು ಸೇರಿ ಹತ್ತು, ಹನ್ನೆರಡರಿಂದ ಗುಣಿಸಿದರೆ 120, ಅದರ ಅರ್ಧ 60 ಗುಂಟೆ. ಅಂದರೆ ಒಂದೂವರೆ ಎಕರೆ. ಹೊಲದ ಆಕಾರ, ಮೂಲೆಗಳ ಜಾಗ, ವಿಸ್ತೀರ್ಣ ಮೂರೂ ಈ ಮೂರು ಅಳತೆ ಮತ್ತು ಎರಡು ನಿಲುಗಡೆಗಳಲ್ಲಿ ಅಡಗಿವೆ. ನಕ್ಷೆಯ ಗೆರೆಗಿಂತ ಟಿಪ್ಪಣಿಯ ಅಂಕಿ ಹೆಚ್ಚು ನಂಬಿಕೆಗೆ ಅರ್ಹ ಅನ್ನುವುದು ಇದಕ್ಕೇ. ಅಂಕಿ ನೆಲದ ಮೇಲೆ ಅಳೆದು ಬರೆದದ್ದು. ಗೆರೆ ಆಮೇಲೆ ಆ ಅಂಕಿಗಳನ್ನು ಸಣ್ಣದು ಮಾಡಿ ಎಳೆದದ್ದು.

ಟಿಪ್ಪಣಿಯ ಜೊತೆಗೆ ಇನ್ನೂ ಕೆಲವು ದಾಖಲೆಗಳ ಹೆಸರು ಗೊತ್ತಿರಬೇಕು. ಒಂದು ಸರ್ವೆ ನಂಬರಿನ ಒಟ್ಟು ವಿಸ್ತೀರ್ಣ, ಅದರಲ್ಲಿ ಖರಾಬು ಎಷ್ಟು, ಸಾಗುವಳಿಗೆ ಉಳಿದದ್ದು ಎಷ್ಟು, ಅದಕ್ಕೆ ಕಂದಾಯ ಎಷ್ಟು ಎಂದು ಹೇಳುವುದು ಆಕಾರಬಂದ್. ಸರ್ವೆ ನಂಬರ್ ಒಡೆದು ಹಿಸ್ಸೆಗಳಾಗಿದ್ದರೆ ಹಿಸ್ಸಾ ಟಿಪ್ಪಣಿ, ಪಕ್ಕಾ ಪುಸ್ತಕ. ಇಡೀ ಊರಿಗೆ ಗ್ರಾಮ ನಕ್ಷೆ. ಕ್ರಯಪತ್ರದಲ್ಲಿ ಪೂರ್ವಕ್ಕೆ ಇಂಥವರ ಜಮೀನು, ಪಶ್ಚಿಮಕ್ಕೆ ಹಳ್ಳ ಎಂದು ಬರೆಯುವುದು ಚಕ್ಕುಬಂದಿ. ಪಹಣಿ ಹೇಳುವುದು ಯಾರ ಹೆಸರಿಗೆ ಎಷ್ಟು ಜಮೀನಿದೆ ಎಂಬುದನ್ನು. ಆ ಜಮೀನು ಎಲ್ಲಿಂದ ಎಲ್ಲಿಯವರೆಗೆ ಎಂದು ಅದು ಹೇಳುವುದಿಲ್ಲ. 2000ದ ಹೊತ್ತಿಗೆ ಭೂಮಿ ಯೋಜನೆಯಲ್ಲಿ ರಾಜ್ಯದ ಸುಮಾರು ಎರಡು ಕೋಟಿ ಪಹಣಿಗಳು ಕಂಪ್ಯೂಟರಿಗೆ ಏರಿದವು. ದೇಶವೇ ತಿರುಗಿ ನೋಡಿದ ಕೆಲಸ ಅದು. ಆದರೆ ಏರಿದ್ದು ಹೆಸರು ಮತ್ತು ವಿಸ್ತೀರ್ಣ. ನೆಲದ ಗಡಿಗಳು ಹಾಳೆಗಳಲ್ಲೇ ಉಳಿದವು.

ಪಹಣಿಯ ಅಂಕಿ ಓದುವಾಗ ಒಂದು ಎಚ್ಚರ ಬೇಕು. 2.10 ಎಂದಿದ್ದರೆ ಅದು ಎರಡು ಎಕರೆ ಹತ್ತು ಗುಂಟೆ, ದಶಮಾಂಶದ 2.1 ಅಲ್ಲ. ದಶಮಾಂಶಕ್ಕೆ ತಂದರೆ ಅದು 2.25 ಎಕರೆ. ಊರಿಂದ ದೂರ ಇರುವ ಮಕ್ಕಳು ಫೋನಿನ ಕ್ಯಾಲ್ಕುಲೇಟರಿನಲ್ಲಿ ಇದನ್ನು ತಪ್ಪಾಗಿ ಗುಣಿಸಿ ಭಾಗದ ಲೆಕ್ಕ ಹಾಕಿಕೊಂಡರೆ ಆರು ಗುಂಟೆ ಮಾಯವಾಗುತ್ತದೆ.

ಖರಾಬಿನಲ್ಲೂ ಎರಡು ಬಗೆ. ‘ಅ’ ಖರಾಬು ಎಂದರೆ ಬಂಡೆ, ಕಣ, ಕೊಟ್ಟಿಗೆ ಹೀಗೆ ಸಾಗುವಳಿಗೆ ಬಾರದ ಜಾಗ. ಅದು ಹಿಡುವಳಿದಾರನ ಜಮೀನಿನ ಭಾಗವೇ. ‘ಬ’ ಖರಾಬು ಎಂದರೆ ದಾರಿ, ಹಳ್ಳ, ಸ್ಮಶಾನದಂಥ ಸಾರ್ವಜನಿಕ ಬಳಕೆಯ ಜಾಗ. ಸರ್ವೆ ನಂಬರಿನೊಳಗೇ ಇದ್ದರೂ ಖಾಸಗಿ ಸ್ವತ್ತಲ್ಲ. ಜಮೀನು ಕೊಳ್ಳುವವರು ಮೊದಲು ನೋಡಬೇಕಾದ ಕಲಮು ಇದು, ಕೊನೆಗೆ ನೋಡುವ ಕಲಮೂ ಇದೇ.

ಅಣ್ಣತಮ್ಮಂದಿರು ಪಾಲಾದಾಗ ಮನೆಯೊಳಗಿನ ಭಾಗ ಪತ್ರದಲ್ಲಿ ಹಂಚಿಕೆ ಆಗಿಬಿಡುತ್ತದೆ. ಪಹಣಿಯಲ್ಲಿ ಹೆಸರುಗಳೂ ಏರುತ್ತವೆ. ಆದರೆ ಸರ್ವೆ ಆಗಿ ಪ್ರತ್ಯೇಕ ಹಿಸ್ಸಾ ನಂಬರ್ ಬೀಳದಿದ್ದರೆ ಅದು ‘ಪೈಕಿ’ ಎಂದೇ ಉಳಿಯುತ್ತದೆ: ಇಂಥ ನಂಬರಿನ ಪೈಕಿ ಒಂದು ಎಕರೆ. ಯಾವ ಒಂದು ಎಕರೆ ಎಂದು ಕೇಳಿದರೆ ದಾಖಲೆಯಲ್ಲಿ ಉತ್ತರವಿಲ್ಲ. ಪೈಕಿಯನ್ನು ಅಳೆದು, ನಕ್ಷೆ ಬರೆದು, ಹಿಸ್ಸಾ ನಂಬರ್ ಕೊಡುವುದು ಪೋಡಿ. ಅದಕ್ಕೆ ತಕ್ಕಂತೆ ಹಳೆಯ ದಾಖಲೆಗಳನ್ನೆಲ್ಲ ತಿದ್ದುವುದು ದುರಸ್ತಿ. ಜಮೀನಿನ ಒಂದು ಭಾಗವನ್ನು ಮಾರುವ ಮುಂಚೆ ಆ ಭಾಗ ನೆಲದ ಮೇಲೆ ಎಲ್ಲಿದೆ ಎಂದು ತೋರಿಸುವ ನಕ್ಷೆ 11ಇ. ಈ 11ಇ ನಕ್ಷೆಯನ್ನು ಕಚೇರಿಯ ಇನ್ನೊಂದು ಕಾಟ ಎಂದು ಬೈಯುವವರುಂಟು. ಅದು ಇಲ್ಲದ ಕಾಲದಲ್ಲಿ ಒಂದೇ ಹೊಲದ ರಸ್ತೆಬದಿಯ ತುಂಡನ್ನು ಇಬ್ಬರಿಗೆ ಮಾರಿದ ಉದಾಹರಣೆಗಳು ಊರೂರಲ್ಲಿ ಸಿಗುತ್ತವೆ. ನನ್ನ ಮಟ್ಟಿಗೆ ಕಳೆದ ಕೆಲವು ದಶಕಗಳಲ್ಲಿ ರೈತನ ಪರವಾಗಿ ಬಂದ ಒಳ್ಳೆಯ ಕಾಗದಗಳಲ್ಲಿ ಅದೂ ಒಂದು.

ಹದ್ದುಬಸ್ತು ಬೇರೆ. ಅಲ್ಲಿ ಜಮೀನು ಒಡೆಯುವುದಿಲ್ಲ. ಇರುವ ಗಡಿಯನ್ನು ದಾಖಲೆಯ ಪ್ರಕಾರ ಗುರುತಿಸಿ ಕೊಡುತ್ತಾರೆ ಅಷ್ಟೆ. ಸುತ್ತಲ ಹಿಡುವಳಿದಾರರಿಗೆ ನೋಟಿಸ್ ಹೋಗುತ್ತದೆ, ಅವರ ಎದುರಿಗೆ ಅಳತೆ ನಡೆಯುತ್ತದೆ, ಮಹಜರು ಬರೆಯುತ್ತಾರೆ. ಒತ್ತುವರಿ ಕಂಡರೆ ನಕ್ಷೆಯಲ್ಲಿ ತೋರಿಸುತ್ತಾರೆ. ಅದನ್ನು ತೆರವು ಮಾಡಿಸುವ ಅಧಿಕಾರ ಸರ್ವೇಯರ್‌ಗೆ ಇಲ್ಲ; ಖಾಸಗಿ ಜಮೀನುಗಳ ನಡುವೆ ಆ ದಾರಿ ಸಿವಿಲ್ ನ್ಯಾಯಾಲಯದ ಕಡೆಗೆ ಹೋಗುತ್ತದೆ.

ಸರ್ವೇಯರ್ ಬಂದಾಗ ಮೊದಲು ಹುಡುಕುವುದು ಬಾಂದು ಕಲ್ಲು. ಮೂರು ಊರಿನ ಗಡಿ ಕೂಡುವಲ್ಲಿ ಇರುವ ಟ್ರೈಜಂಕ್ಷನ್ ಕಲ್ಲು ಸಿಕ್ಕರೆ ಇನ್ನೂ ಒಳ್ಳೆಯದು. ಒಂದೇ ಕಲ್ಲನ್ನು ನಂಬಿ ಯಾವ ಒಳ್ಳೆಯ ಸರ್ವೇಯರೂ ಕೆಲಸ ಶುರು ಮಾಡುವುದಿಲ್ಲ, ಯಾಕೆಂದರೆ ಕಲ್ಲು ಸರಿದಿರಬಹುದು, ಸರಿಸಿರಲೂಬಹುದು. ಎರಡು ಕಲ್ಲು ಹಿಡಿದು ಅವುಗಳ ನಡುವಿನ ದೂರ ಅಳೆಯುತ್ತಾರೆ. ಅದು ಟಿಪ್ಪಣಿಯ ಅಂಕಿಗೆ ಹೊಂದಿದರೆ ಮೂರನೆಯದನ್ನು ನೋಡುತ್ತಾರೆ. ಮೂರೂ ಹೊಂದಿದ ಮೇಲೆ ಕಳೆದುಹೋದ ಕಲ್ಲಿನ ಜಾಗವನ್ನು ಅವುಗಳಿಂದ ಲೆಕ್ಕ ಹಾಕಿ ತೆಗೆಯುತ್ತಾರೆ. ಬೆಳಗಿನಿಂದ ಮಧ್ಯಾಹ್ನದವರೆಗೆ ಪಕ್ಕದ ನಂಬರುಗಳಲ್ಲೇ ಓಡಾಡುತ್ತಿದ್ದರೆ ಸರ್ವೇಯರ್ ಕಾಲಹರಣ ಮಾಡುತ್ತಿದ್ದಾರೆ ಎಂದುಕೊಳ್ಳಬೇಡಿ. ಅಳತೆಯ ನಿಜವಾದ ಕೆಲಸ ನಡೆಯುವುದು ಆಗಲೇ.

ಮಲೆನಾಡು, ಕೊಡಗಿನಲ್ಲಿ ಇನ್ನೊಂದು ತಕರಾರು ಮತ್ತೆ ಮತ್ತೆ ಏಳುತ್ತದೆ. ತೋಟದ ಮಾಲೀಕರು ಟೇಪು ಹಿಡಿದು ಇಳಿಜಾರಿನ ಮೇಲೆಯೇ ಅಳೆದು ‘ನೂರು ಮೀಟರ್ ಇದೆ, ಸರ್ವೆಯವರು ತೊಂಬತ್ತನಾಲ್ಕು ಬರೆದಿದ್ದಾರೆ’ ಎನ್ನುತ್ತಾರೆ. ಸರ್ವೆಯಲ್ಲಿ ದೂರ ಎಂದರೆ ಯಾವಾಗಲೂ ಸಮತಲದ ದೂರ. ಇಪ್ಪತ್ತು ಡಿಗ್ರಿ ಇಳಿಜಾರಿನಲ್ಲಿ ನೆಲಕ್ಕೆ ತಾಗಿಸಿ ಅಳೆದ ನೂರು ಮೀಟರ್, ಸಮತಲಕ್ಕೆ ತಂದರೆ 94 ಮೀಟರ್ ಮಾತ್ರ. ಅದೇ ಇಳಿಜಾರಿನಲ್ಲಿ ದಾಖಲೆಯ ಒಂದು ಎಕರೆಯನ್ನು ನೆಲದ ಮೇಲ್ಮೈ ಹಿಡಿದು ಅಳೆದರೆ ನಲವತ್ತೆರಡೂವರೆ ಗುಂಟೆ ಬರುತ್ತದೆ. ಎರಡೂವರೆ ಗುಂಟೆಯನ್ನು ಯಾರೂ ಕದ್ದಿಲ್ಲ. ಅಡಿಕೆ ಮರ ಇಳಿಜಾರಿನಲ್ಲೂ ನೇರವಾಗಿಯೇ ನಿಲ್ಲುತ್ತದೆ, ಮಳೆ ನೇರವಾಗಿಯೇ ಬೀಳುತ್ತದೆ. ಸಮತಲದ ಲೆಕ್ಕಕ್ಕೆ ಕೃಷಿಯಲ್ಲೂ ಅರ್ಥವಿದೆ.

ಈಗ ಯಂತ್ರಗಳ ಕಡೆ ಬರೋಣ. ಮೂರು ಕಾಲಿನ ಸ್ಟ್ಯಾಂಡಿನ ಮೇಲೆ ಕೂರುವ ಟೋಟಲ್ ಸ್ಟೇಷನ್, ದೂರದಲ್ಲಿ ಕೋಲಿನ ತುದಿಗೆ ಹಿಡಿದ ಪ್ರಿಸಮ್‌ಗೆ ಬೆಳಕಿನ ಕಿರಣ ಬಿಟ್ಟು, ಅದು ಮರಳಿದ್ದರಿಂದ ದೂರ ತಿಳಿಯುತ್ತದೆ. ಅಡ್ಡ ಕೋನ, ಲಂಬ ಕೋನ ಎರಡನ್ನೂ ತಾನೇ ಓದುತ್ತದೆ. ಇಳಿಜಾರಿನ ದೂರವನ್ನು ಸಮತಲಕ್ಕೆ ತರುವ ಲೆಕ್ಕವೂ ಅದರೊಳಗೇ ಆಗುತ್ತದೆ. ತಪ್ಪು ಕೆಲವೇ ಮಿಲಿಮೀಟರ್. ಇದರ ಅಜ್ಜ ಥಿಯೋಡೊಲೈಟ್. ವಿಲಿಯಂ ಲ್ಯಾಂಬ್ಟನ್ ಅರ್ಧ ಟನ್ ತೂಕದ ಥಿಯೋಡೊಲೈಟನ್ನು ಹೊರಿಸಿಕೊಂಡು ದಕ್ಷಿಣ ಭಾರತದ ಬೆಟ್ಟ, ಗೋಪುರಗಳನ್ನು ಹತ್ತಿದ. ಟಿಪ್ಪು ಮಡಿದ ಮರುವರ್ಷ, 1800ರಲ್ಲಿ, ಆತ ಬೆಂಗಳೂರಿನ ಬಯಲಿನಲ್ಲಿ ಒಂದು ಬೇಸ್‌ಲೈನ್ ಅಳೆದಿದ್ದ. 1802ರ ಏಪ್ರಿಲ್ 10ರಂದು ಮದ್ರಾಸಿನಲ್ಲಿ ಮಹಾ ತ್ರಿಕೋನ ಸರ್ವೆಯ ಬೇಸ್‌ಲೈನ್ ಶುರುವಾಯಿತು. ತ್ರಿಕೋನದ ಒಂದು ಬದಿಯನ್ನು ಸರಪಳಿಯಿಂದ ಅಳೆದರೆ ಉಳಿದ ಬದಿಗಳಿಗೆ ಕೋನಗಳು ಸಾಕು. ಆ ಬದಿಗಳ ಮೇಲೆ ಹೊಸ ತ್ರಿಕೋನ, ಅದರ ಮೇಲೆ ಇನ್ನೊಂದು. ಹೀಗೆ ಮದ್ರಾಸಿನಿಂದ ತ್ರಿಕೋನಗಳನ್ನು ಹೆಣೆಯುತ್ತ ಬಂದು, ಬೆಂಗಳೂರಿನ ಹತ್ತಿರ 1804ರಲ್ಲಿ ಏಳು ಮೈಲಿಗೂ ಮಿಕ್ಕಿದ ಹೊಸ ಬೇಸ್‌ಲೈನನ್ನು ಮತ್ತೆ ಸರಪಳಿ ಹಿಡಿದು ಅಳೆದು ತಾಳೆ ನೋಡಿದರು. ಲೆಕ್ಕಕ್ಕೂ ಅಳತೆಗೂ ಬಂದ ವ್ಯತ್ಯಾಸ ನಾಲ್ಕು ಇಂಚಿಗೂ ಕಡಿಮೆ. ಉಪಗ್ರಹವಿಲ್ಲ, ಕಂಪ್ಯೂಟರ್ ಇಲ್ಲ. ಇದನ್ನು ಓದಿದಾಗಲೆಲ್ಲ ಆ ಸರಪಳಿ ಹಿಡಿದ, ಗಿಡಗಂಟಿ ಸವರಿದ, ಬೆಟ್ಟದ ತುದಿಗೆ ಯಂತ್ರ ಹೊತ್ತ ನಮ್ಮವರ ನೆನಪಾಗುತ್ತದೆ. ಅವರ ಹೆಸರು ಯಾವ ನಕ್ಷೆಯಲ್ಲೂ ಇಲ್ಲ.

ಆ ಬೆಟ್ಟಗಳ ಕೆಲಸವನ್ನು ಈಗ ಉಪಗ್ರಹಗಳು ಮಾಡುತ್ತವೆ. ಇತ್ತೀಚೆಗೆ ನಮ್ಮ ಸರ್ವೇಯರ್‌ಗಳ ಕೈಗೂ ಬರುತ್ತಿರುವ ರೋವರ್, ಕೋಲಿನ ತುದಿಯಲ್ಲಿ ಅಣಬೆಯಂಥ ತಲೆ ಇರುವ ರಿಸೀವರ್. ಜಿಪಿಎಸ್ ಉಪಗ್ರಹಗಳು ಸುಮಾರು 20,200 ಕಿಲೋಮೀಟರ್ ಎತ್ತರದಲ್ಲಿವೆ. ರಷ್ಯಾದ ಗ್ಲೊನಾಸ್, ಯುರೋಪಿನ ಗೆಲಿಲಿಯೊ, ನಮ್ಮ ನಾವಿಕ್ ಇವೆಲ್ಲವೂ ಇವೆ. ಸಂಕೇತ ಬರಲು ಹಿಡಿದ ಸಮಯದಿಂದ ದೂರ ತಿಳಿಯುತ್ತದೆ. ಗಡಿಯಾರದಲ್ಲಿ ಸೆಕೆಂಡಿನ ನೂರು ಕೋಟಿಯಲ್ಲೊಂದು ಭಾಗ ತಪ್ಪಿದರೆ ನೆಲದ ಮೇಲೆ ಮೂವತ್ತು ಸೆಂಟಿಮೀಟರ್ ತಪ್ಪುತ್ತದೆ. ಮೊಬೈಲಿಗೆ ಐದು ಮೀಟರ್ ತಪ್ಪುವ ಕಡೆ ರೋವರ್‌ಗೆ ಕೆಲವೇ ಸೆಂಟಿಮೀಟರ್ ಹೇಗೆ ಸಾಧ್ಯ? ಗುಟ್ಟು ಎರಡು. ಒಂದು, ಜಾಗ ಖಚಿತವಾಗಿ ಗೊತ್ತಿರುವ ಕಡೆ ಇನ್ನೊಂದು ರಿಸೀವರ್ ನಿಂತಿರುತ್ತದೆ. ವಾತಾವರಣದಿಂದ ಅದಕ್ಕೆ ಈ ಕ್ಷಣ ಎಷ್ಟು ತಪ್ಪು ಬಂತೋ ಹೆಚ್ಚುಕಡಿಮೆ ಅಷ್ಟೇ ರೋವರ್‌ಗೂ ಬಂದಿರುತ್ತದೆ; ಅದನ್ನು ಕಳೆದುಬಿಡಬಹುದು. ಸರ್ವೆ ಆಫ್ ಇಂಡಿಯಾ ಕರ್ನಾಟಕವೂ ಸೇರಿ ಹಲವು ರಾಜ್ಯಗಳಲ್ಲಿ ನಿಲ್ಲಿಸಿರುವ ಕಾರ್ಸ್ ಕೇಂದ್ರಗಳು ಹಗಲೂ ಇರುಳೂ ಈ ತಿದ್ದುಪಡಿಯನ್ನು ಇಂಟರ್ನೆಟ್ ಮೂಲಕ ಕಳಿಸುತ್ತವೆ. ಎರಡು, ರೋವರ್ ರೇಡಿಯೊ ಅಲೆಯನ್ನೇ ಅಳತೆಗೋಲು ಮಾಡಿಕೊಳ್ಳುತ್ತದೆ. ಜಿಪಿಎಸ್‌ನ ಮುಖ್ಯ ಅಲೆಯ ಉದ್ದ ಸುಮಾರು 19 ಸೆಂಟಿಮೀಟರ್. ಉಪಗ್ರಹದಿಂದ ಇಲ್ಲಿಗೆ ಇಂಥ ಎಷ್ಟು ಪೂರ್ಣ ಅಲೆಗಳಿವೆ ಎಂಬ ಎಣಿಕೆ ಖಚಿತವಾದಾಗ ಪರದೆಯ ಮೇಲೆ ‘ಫಿಕ್ಸ್’ ಎಂದು ಬರುತ್ತದೆ. ಖಚಿತವಾಗದಿದ್ದರೆ ‘ಫ್ಲೋಟ್’.

ಹೊಲದ ಮಾಲೀಕರು ಈ ಎರಡು ಪದ ನೆನಪಿಟ್ಟುಕೊಳ್ಳಬೇಕು. ದಟ್ಟ ಅಡಿಕೆ ತೋಟದೊಳಗೆ, ಕಾಫಿಯ ನೆರಳುಮರಗಳ ಕೆಳಗೆ, ಎತ್ತರದ ಗೋಡೆಯ ಪಕ್ಕ ರೋವರ್ ಬಹಳ ಸಲ ಫ್ಲೋಟ್‌ನಲ್ಲೇ ತೂಗಾಡುತ್ತದೆ. ಆಗಲೂ ಅದು ಅಂಕಿ ತೋರಿಸುತ್ತದೆ, ದಶಮಾಂಶದ ಮೂರು ಸ್ಥಾನ ತೋರಿಸುತ್ತದೆ. ಅಂಕಿ ಮಾತ್ರ ಹಲವು ಅಡಿ ಆಚೀಚೆ ಇರಬಹುದು. ಅಂಥ ಕಡೆ ತೋಟದ ಹೊರಗೆ ಬಯಲಿನಲ್ಲಿ ಎರಡು ಬಿಂದುಗಳನ್ನು ರೋವರ್‌ನಿಂದ ಗುರುತಿಸಿ, ಅಲ್ಲಿಂದ ಒಳಕ್ಕೆ ಟೋಟಲ್ ಸ್ಟೇಷನ್ ಹಿಡಿಯುವುದು ಸರಿಯಾದ ಕ್ರಮ. ‘ಫಿಕ್ಸ್ ಬಂದಿದೆಯಾ ಸಾರ್?’ ಎಂದು ಕೇಳುವುದು ಉದ್ಧಟತನವಲ್ಲ.

ಎತ್ತರದ ಲೆಕ್ಕದಲ್ಲಿ ಇನ್ನೊಂದು ಸೋಜಿಗವಿದೆ. ಬೆಂಗಳೂರಿನಲ್ಲಿ ರೋವರ್ ನೇರವಾಗಿ ಕೊಡುವ ಎತ್ತರ, ನಕ್ಷೆಯಲ್ಲಿ ಬರೆದ ಸಮುದ್ರಮಟ್ಟದ ಎತ್ತರಕ್ಕಿಂತ ಸುಮಾರು 85 ಮೀಟರ್ ಕಡಿಮೆ ಇರುತ್ತದೆ. ಯಂತ್ರ ಕೆಟ್ಟಿಲ್ಲ. ಉಪಗ್ರಹಗಳು ಭೂಮಿಯನ್ನು ನುಣುಪಾದ ದೀರ್ಘಗೋಳವೆಂದು ಹಿಡಿದು ಎತ್ತರ ಕೊಡುತ್ತವೆ. ನೀರು ನಿಲ್ಲುವ ಮಟ್ಟವನ್ನು ಗುರುತ್ವ ತೀರ್ಮಾನಿಸುತ್ತದೆ, ಮತ್ತು ಶ್ರೀಲಂಕಾದ ದಕ್ಷಿಣಕ್ಕೆ ಹಿಂದೂ ಮಹಾಸಾಗರದಲ್ಲಿ ಆ ಮಟ್ಟ ಜಗತ್ತಿನಲ್ಲೇ ಅತಿ ಹೆಚ್ಚು, ನೂರು ಮೀಟರಿಗೂ ಮಿಕ್ಕಿ, ತಗ್ಗಿದೆ. ಆ ತಗ್ಗಿನ ಅಂಚಿನಲ್ಲಿ ನಾವಿದ್ದೇವೆ. ಕಾಲುವೆ, ಕೆರೆ, ಚರಂಡಿಯ ಕೆಲಸಕ್ಕೆ ಬೇಕಾದದ್ದು ನೀರಿನ ಮಟ್ಟ. ಅದಕ್ಕಾಗಿ ಲೆವೆಲಿಂಗ್ ಮಾಡಿ ಬೆಂಚ್‌ಮಾರ್ಕ್ ಕಲ್ಲುಗಳನ್ನು ನೆಟ್ಟಿದ್ದಾರೆ. ದೇಶದ ಹಳೆಯ ಸಮುದ್ರಮಟ್ಟದ ಲೆಕ್ಕಕ್ಕೆ ಆಧಾರವಾದ ಒಂಬತ್ತು ಬಂದರುಗಳಲ್ಲಿ ನಮ್ಮ ಕಾರವಾರವೂ ಒಂದು.

ಡ್ರೋನ್ ಸರ್ವೆಯ ಬಗ್ಗೆ ಹಳ್ಳಿಗಳಲ್ಲಿ ಕುತೂಹಲವೂ ಇದೆ, ಭಯವೂ ಇದೆ. 2020ರ ಏಪ್ರಿಲ್ 24ರಂದು ಶುರುವಾದ ಸ್ವಾಮಿತ್ವ ಯೋಜನೆ ಗ್ರಾಮಠಾಣಾದ ಮನೆ, ಹಿತ್ತಿಲುಗಳಿಗೆ ದಾಖಲೆ ಮಾಡಲು ಬಂದದ್ದು, ಹೊಲಗಳಿಗಲ್ಲ. ಡ್ರೋನ್ ಒಂದರ ಮೇಲೊಂದು ಹಾಯುವಂತೆ ನೂರಾರು ಫೋಟೊ ತೆಗೆಯುತ್ತದೆ, ನೆಲದ ಮೇಲೆ ಗುರುತಿಸಿದ ಬಿಂದುಗಳಿಗೆ ಅವನ್ನು ಹೊಂದಿಸಿ ಅಳತೆಗೆ ಬರುವ ಒಂದೇ ಚಿತ್ರ ಮಾಡುತ್ತಾರೆ. ಅದನ್ನು ಆರ್ಥೊಫೋಟೊ ಅನ್ನುತ್ತಾರೆ. ಮೇಲಿನಿಂದ ಡ್ರೋನ್‌ಗೆ ಕಾಣುವುದು ಸೂರು, ಗೋಡೆಯಲ್ಲ. ಸೂರು ಎರಡು ಅಡಿ ಚಾಚಿದ್ದರೆ ಮನೆ ಎರಡು ಅಡಿ ದೊಡ್ಡದಾಗಿ ಕಾಣುತ್ತದೆ, ಮಾವಿನ ಮರದ ಕೆಳಗಿನ ಗಡಿ ಕಾಣುವುದೇ ಇಲ್ಲ. ಆದ್ದರಿಂದಲೇ ಡ್ರೋನ್ ಹಾರುವ ಮುಂಚೆ ಮಾಲೀಕರ ಎದುರಿಗೆ ಗಡಿಗುಂಟ ಸುಣ್ಣದ ಗೆರೆ ಹಾಕುತ್ತಾರೆ. ಆ ದಿನ ಮನೆಯವರು ಊರಲ್ಲಿರಲೇಬೇಕು. ಪಕ್ಕದ ಮನೆಯವರೊಂದಿಗೆ ನಿಂತು ಹಾಕಿಸಿದ ಸುಣ್ಣದ ಗೆರೆಯೇ ನಾಳೆ ದಾಖಲೆ ಆಗುವುದು.

ಇಷ್ಟೆಲ್ಲ ಯಂತ್ರ ಬಂದ ಮೇಲೂ ಟಿಪ್ಪಣಿ ಯಾಕೆ ಎಂದು ಕೇಳುವವರಿಗೆ ನನ್ನ ಉತ್ತರ ಇಷ್ಟು: ರೋವರ್ ತಾನು ಎಲ್ಲಿ ನಿಂತಿದ್ದೇನೆ ಎಂದು ಹೇಳಬಲ್ಲದು, ಆ ಜಾಗ ಯಾರದೆಂದು ಹೇಳಲಾರದು. ತಪ್ಪಾದ ಬದುವಿನ ಮೇಲೆ ಇಟ್ಟರೆ ತಪ್ಪು ಬದುವನ್ನೇ ಎರಡು ಸೆಂಟಿಮೀಟರ್ ನಿಖರತೆಯಿಂದ ದಾಖಲಿಸುತ್ತದೆ. ಸರ್ವೆಗೆ ಅರ್ಜಿ ಹಾಕುವವರು ಮೊದಲು ತಮ್ಮ ಸರ್ವೆ ನಂಬರಿನದ್ದಷ್ಟೇ ಅಲ್ಲ, ಸುತ್ತಲ ನಂಬರುಗಳ ಟಿಪ್ಪಣಿಯ ನಕಲನ್ನೂ ಪಡೆಯಿರಿ. ನಿಮ್ಮ ಪೂರ್ವದ ಗಡಿಯೇ ಅವರ ಪಶ್ಚಿಮದ ಗಡಿ, ಎರಡೂ ಹಾಳೆಗಳಲ್ಲಿ ಅದರ ಉದ್ದ ಒಂದೇ ಇರಬೇಕು. ಆಕಾರಬಂದ್ ತೆಗೆದು ಪಹಣಿಯ ಒಟ್ಟು ವಿಸ್ತೀರ್ಣಕ್ಕೆ ತಾಳೆ ನೋಡಿ. ಚೈನು, ಆಣೆಯನ್ನು ಅಡಿಗೆ ತರುವುದು ಹೈಸ್ಕೂಲು ಹುಡುಗಿಗೂ ಬರುವ ಲೆಕ್ಕ. ಮೂರು ಚೈನು ಎಂಟು ಆಣೆ ಎಂದರೆ ನೂರಾ ಹದಿನೈದೂವರೆ ಅಡಿ. ಅಳತೆಯ ದಿನ ನೋಟಿಸ್ ಬಂದ ನೆರೆಯವರನ್ನು ನೀವೇ ಹೋಗಿ ಕರೆಯಿರಿ.

ಕಲ್ಲುಗಳನ್ನು ಎಲ್ಲರೂ ಒಪ್ಪಿ ನೆಟ್ಟ ಮೇಲೆ ಯಂತ್ರದ ನಿಜವಾದ ಉಪಯೋಗ ಬರುತ್ತದೆ. ಪ್ರತಿಯೊಂದು ಮೂಲೆಯ ನಿರ್ದೇಶಾಂಕವನ್ನು, ಅದು ಯಾವ ಡೇಟಮ್‌ನಲ್ಲಿದೆ ಎಂಬುದರ ಸಮೇತ, ನಕ್ಷೆಯ ಮೇಲೆಯೇ ಬರೆಸಿಕೊಳ್ಳಿ. ಡೇಟಮ್ ಹೆಸರು ಬೇಕೇ ಬೇಕು: ಹಳೆಯ ಟೊಪೊ ನಕ್ಷೆಗಳು ಎವರೆಸ್ಟ್ ದೀರ್ಘಗೋಳವನ್ನು ಹಿಡಿದಿದ್ದವು, ಈಗಿನ ಉಪಗ್ರಹ ಸಾಧನಗಳು ಡಬ್ಲ್ಯುಜಿಎಸ್ 84 ಹಿಡಿಯುತ್ತವೆ; ಅದೇ ಅಕ್ಷಾಂಶ ರೇಖಾಂಶದ ಅಂಕಿ ಇವೆರಡರಲ್ಲಿ ನೂರಿನ್ನೂರು ಮೀಟರ್ ದೂರದ ಎರಡು ಬೇರೆ ಜಾಗಗಳನ್ನು ತೋರಿಸುತ್ತದೆ. ಈ ಅಂಕಿಗಳು ಕೈಯಲ್ಲಿದ್ದರೆ, ಮುಂದೆ ಟ್ರ್ಯಾಕ್ಟರಿನ ನೇಗಿಲಿಗೆ ಸಿಕ್ಕು ಕಲ್ಲು ಉರುಳಿದರೂ, ಹಳ್ಳದ ನೆರೆ ಅದನ್ನು ಕೊಚ್ಚಿಕೊಂಡು ಹೋದರೂ, ಅರ್ಧ ದಿನದಲ್ಲಿ ಮತ್ತೆ ಅದೇ ಗುಣಿಯಲ್ಲಿ ನೆಡಬಹುದು.